ಮೊದಲು ಒಂದು ಮಗುವಿನ ಪಕ್ಕ ಕೂರಿಸಿ

"ಹಠಮಾರಿ. ಹೇಳಿದ ಮಾತು ಕೇಳುವುದಿಲ್ಲ. ಗಮನ ಇಲ್ಲ."

ಟೀಚರ್ ಟ್ರೈನಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಅವಲೋಕನ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದು ಇಷ್ಟೇ. ಆಟಿಸಂ ಇರುವ, ಅಂದರೆ ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಏಳು ವರ್ಷದ ಹುಡುಗನ ಬಗ್ಗೆ. ಅರ್ಧ ದಿನ ಅವನ ಪಕ್ಕದಲ್ಲೇ ಕೂತಿದ್ದಳು. ನಾನು ಪುಸ್ತಕ ವಾಪಸ್ ಕೊಟ್ಟೆ. "ಇದರಲ್ಲಿ ನಿನ್ನ ತೀರ್ಪು ಇದೆಯಮ್ಮ, ಹುಡುಗ ಎಲ್ಲೂ ಕಾಣಿಸ್ತಿಲ್ಲ. ನಾಳೆ ಕಣ್ಣಿಗೆ ಕಂಡಿದ್ದನ್ನು ಮಾತ್ರ ಬರಿ" ಅಂದೆ. ಅವಳ ಮುಖ ಸಪ್ಪಗಾಯಿತು.

ನಾಲ್ಕನೇ ದಿನದ ಪುಟ ಹೀಗಿತ್ತು: "ಬೆಲ್ ಹೊಡೆಯುವ ಮುಂಚೆಯೇ ಕಿವಿ ಮುಚ್ಚಿಕೊಂಡ. ಬೆಲ್ ನಿಂತ ಮೇಲೂ ಕೈ ತೆಗೆಯಲಿಲ್ಲ. ಆಗಲೇ ಟೀಚರ್ ಪುಸ್ತಕ ತೆಗಿ ಅಂದರು. ತೆಗೆಯಲಿಲ್ಲ. ಇನ್ನೊಂದು ಸಲ ಜೋರಾಗಿ ಅಂದರು. ಮೇಜಿನ ಕೆಳಗೆ ಹೋಗಿ ಕೂತ."

ಮೊದಲ ದಿನ ಕಂಡ ಹಠ ಈಗ ಎಲ್ಲಿ ಹೋಯಿತು? ಹುಡುಗ ಮಾತು ಮೀರಿದ್ದಲ್ಲ. ಆ ಹೊತ್ತಿಗೆ ಅವನ ಕಿವಿಗೆ ಬೆಲ್ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಇದೇ ಹುಡುಗಿ ಪರೀಕ್ಷೆಯಲ್ಲಿ ಆಟಿಸಂನ ಲಕ್ಷಣಗಳ ಪ್ರಶ್ನೆಗೆ ಒಳ್ಳೆ ಅಂಕ ತೆಗೆದವಳು. ಕೆಲವು ಮಕ್ಕಳಿಗೆ ಶಬ್ದ ತಡೆಯಲು ಆಗುವುದಿಲ್ಲ ಅಂತ ಅವಳೇ ಬರೆದಿದ್ದಳು. ಅದೇ ಲಕ್ಷಣ ಎದುರಿಗೆ ಬಂದು ಕೂತಾಗ ಗುರುತು ಹತ್ತಲಿಲ್ಲ.

ತಪ್ಪು ಅವಳದ್ದಲ್ಲ, ನಾವು ಕಲಿಸುವ ಕ್ರಮದ್ದು. ಮೊದಲು ಹೆಸರು, ವ್ಯಾಖ್ಯೆ, ವಿಧಗಳು, ಕಾರಣಗಳು. ಕೊನೆಗೆ ಸಮಯ ಉಳಿದರೆ ವಿಶೇಷ ಶಾಲೆಗೆ ಒಂದು ಭೇಟಿ. ಅರ್ಧ ದಿನ ನೋಡಿ, ಗ್ರೂಪ್ ಫೋಟೋ ತೆಗೆಸಿಕೊಂಡು, ವರದಿ ಬರೆದರೆ ಮುಗಿಯಿತು. ನನ್ನ ಪ್ರಕಾರ ಇದು ಪೂರ್ತಿ ತಿರುಗಬೇಕು. ಕೋರ್ಸ್ ಶುರುವಾದ ಮೊದಲ ತಿಂಗಳಲ್ಲೇ ಪ್ರತಿಯೊಬ್ಬರಿಗೂ ಒಂದು ಮಗು. ವಾರಕ್ಕೆ ಎರಡು ದಿನ, ಒಂದು ಇಡೀ ವರ್ಷ, ಅದೇ ಮಗುವಿನ ಜೊತೆ. ಸಿದ್ಧಾಂತ ಆಮೇಲೆ ಬರಲಿ. ಆಗ ಪುಸ್ತಕದ ಪ್ರತಿ ಸಾಲಿಗೂ ಅವರ ಮನಸ್ಸಿನಲ್ಲಿ ಒಂದು ಮುಖ ಇರುತ್ತದೆ.

ಕೆಲವೇ ಮಂದಿಯ ಮುಂದೆ ಕೆಲವೇ ನಿಮಿಷ ಪಾಠ ಮಾಡಿ ಅಭ್ಯಾಸ ಮಾಡುವ ಮೈಕ್ರೋ ಟೀಚಿಂಗ್, ಟ್ರೈನಿಂಗ್ ಮಾಡಿದ ಎಲ್ಲರಿಗೂ ಗೊತ್ತು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಳ್ಳೆಯ ವಿಧಾನ. ಆದರೆ ಈಗ ಎಷ್ಟೋ ಕಡೆ ಸಹಪಾಠಿಗಳೇ ಮಕ್ಕಳ ಪಾತ್ರ ಮಾಡುತ್ತಾರೆ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಾರೆ, ಸರಿ ಉತ್ತರ ಹೇಳುತ್ತಾರೆ, ಎಲ್ಲ ಸುಸೂತ್ರ. ಉತ್ತರ ಗೊತ್ತಿದ್ದೂ ಬಾಯಿಗೆ ತರಲು ಹೊತ್ತು ಹಿಡಿಯುವ ಮಗು ಆ ಕೋಣೆಯಲ್ಲಿ ಇರುವುದೇ ಇಲ್ಲ ಅಲ್ವಾ?

ಕಾಯುವುದನ್ನು ಕಲಿಸುವುದು ತುಂಬಾ ಕಷ್ಟ. 1970ರ ದಶಕದಲ್ಲಿ ಮೇರಿ ಬಡ್ ರೋವ್ ಎಂಬ ಸಂಶೋಧಕಿ ತರಗತಿಗಳ ರೆಕಾರ್ಡಿಂಗ್ ಕೇಳಿ ನೋಡಿದರು. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಉತ್ತರ ಕೊಡುವ ಮಕ್ಕಳೂ ಜಾಸ್ತಿಯಾದರು. ಅದು ಸಾಮಾನ್ಯ ತರಗತಿಯ ಮಾತು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಆಡಿಸುವುದು ಕಷ್ಟವಾಗುವ ಸ್ಥಿತಿ) ಇರುವ ಒಬ್ಬ ಹುಡುಗಿಯ ಜೊತೆ ನಾನು ಕಂಡಿದ್ದನ್ನು ಹೇಳುತ್ತೇನೆ. ಅವಳು ಮಾತಾಡುವುದಿಲ್ಲ, ಚಿತ್ರಗಳಿರುವ ಬೋರ್ಡ್ ಮೇಲೆ ಕೈ ಇಟ್ಟು ಉತ್ತರ ಹೇಳುತ್ತಾಳೆ. ಟ್ರೈನಿಂಗ್‌ಗೆ ಬಂದ ಹುಡುಗ ಪ್ರಶ್ನೆ ಕೇಳಿ, ಎರಡು ಸೆಕೆಂಡ್ ನೋಡಿ, ತಾನೇ ಅವಳ ಕೈ ಹಿಡಿದು ಚಿತ್ರದ ಮೇಲೆ ಇಟ್ಟುಬಿಟ್ಟ. ಒಳ್ಳೆ ಮನಸ್ಸಿನಿಂದಲೇ ಇಟ್ಟ. ಮುಂದಿನ ಸಲ "ನಿನ್ನ ಕೈ ಹಿಂದೆ ಕಟ್ಟಿಕೋ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು" ಅಂದೆ. ಐದಕ್ಕೆ ಅವಳ ಭುಜ ಅಲುಗಿತು. ಏಳಕ್ಕೆ ಮೊಣಕೈ ಮೇಜು ಬಿಟ್ಟು ಮೇಲೆ ಬಂತು. ಒಂಬತ್ತಕ್ಕೆ ಬೆರಳು ಚಿತ್ರದ ಮೇಲೆ. ಅವನು ತೋರಿಸಿದ್ದ ಚಿತ್ರ ಅಲ್ಲ, ಬೇರೆಯದು. ಅದೇ ಸರಿ ಉತ್ತರವಾಗಿತ್ತು.

ಒಂದು ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸುವುದೂ ಹೀಗೆಯೇ, ಕೂತು ಕಲಿಯಬೇಕಾದದ್ದು. ಕೈ ತೊಳೆಯುವುದನ್ನು ಬರೆಯಿರಿ ಅಂದರೆ ಎಲ್ಲರೂ ಐದಾರು ಹಂತ ಬರೆಯುತ್ತಾರೆ. ಮಗುವಿನ ಜೊತೆ ನಲ್ಲಿಯ ಹತ್ತಿರ ನಿಂತಾಗ ಅದೇ ಪಟ್ಟಿ ಹದಿನೈದಕ್ಕೆ ಹೋಗುತ್ತದೆ. ಇನ್ನೊಂದು, ಕೆಲವು ಕೆಲಸಗಳನ್ನು ಕೊನೆಯಿಂದ ಕಲಿಸುವುದು ಒಳ್ಳೆಯದು. ಜಿಪ್ ಹಾಕುವುದಿದ್ದರೆ ಮುಕ್ಕಾಲು ಭಾಗ ನಾವು ಎಳೆದು, ಕೊನೆಯ ಒಂದಿಂಚು ಮಗುವಿಗೆ ಬಿಡಬೇಕು. ಮುಗಿಸಿದ ಖುಷಿ ಮೊದಲ ದಿನವೇ ಅದರದ್ದಾಗುತ್ತದೆ.

"ನಾವು ಸ್ಪೆಷಲ್ ಎಜುಕೇಟರ್ ಅಲ್ಲವಲ್ಲ, ನಮಗ್ಯಾಕೆ ಇಷ್ಟೆಲ್ಲ?" ಅಂತ ಕೇಳುವ ಸಾಮಾನ್ಯ ಶಾಲೆಯ ಟೀಚರ್‌ಗಳಿದ್ದಾರೆ. 1994ರಲ್ಲೇ ಸ್ಪೇನ್‌ನ ಸಲಮಾಂಕದಲ್ಲಿ 92 ಸರ್ಕಾರಗಳು ಸೇರಿ, ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಅಂದವು. ಮಗು ಬರುವುದು ನಿಮ್ಮ ತರಗತಿಗೇ. ಸ್ಪೆಷಲ್ ಎಜುಕೇಟರ್ ಇದ್ದರೂ ಆ ಮಗು ದಿನದ ಹೆಚ್ಚು ಹೊತ್ತು ನಿಮ್ಮ ಎದುರಿಗೇ ಕೂತಿರುತ್ತದೆ.

ಇನ್ನೊಂದು ಆಕ್ಷೇಪ ಇದೆ, ಅದನ್ನು ನಾನು ಗೌರವಿಸುತ್ತೇನೆ. ಒಬ್ಬ ತಾಯಿ ನನ್ನನ್ನು ಕೇಳಿದ್ದರು: "ಮೇಡಂ, ನನ್ನ ಮಗನ ಮೇಲೆ ಇವರು ಪ್ರಾಕ್ಟೀಸ್ ಮಾಡೋದಾ?" ನ್ಯಾಯವಾದ ಪ್ರಶ್ನೆ. ಎರಡು ವಾರ ಬಂದು, ಮಗು ಹೊಂದಿಕೊಳ್ಳುವ ಹೊತ್ತಿಗೆ ಮಾಯವಾಗುವವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ಅದಕ್ಕೇ ನಾನು ಒಂದು ವರ್ಷ ಅನ್ನುವುದು. ತಂದೆ ತಾಯಿ ಒಪ್ಪಿದರೆ ಮಾತ್ರ. ಮೊದಲ ತಿಂಗಳು ಪಾಠ ಮಾಡುವಂತಿಲ್ಲ, ನೋಡುವುದು ಮತ್ತು ಟೀಚರ್‌ಗೆ ಕೈ ಜೋಡಿಸುವುದು ಅಷ್ಟೇ.

ಆನ್ ಸಲಿವನ್ ಎಂಬ ಟೀಚರ್ 1887ರಲ್ಲಿ ಅಮೆರಿಕದ ಕಣ್ಣು ಕಾಣದ, ಕಿವಿ ಕೇಳದ ಹುಡುಗಿ ಹೆಲೆನ್ ಕೆಲ್ಲರ್‌ಗೆ ಕಲಿಸಲು ಹೋದಾಗ ಅವರಿಗೆ 20 ವರ್ಷ. ಸ್ವತಃ ಕಣ್ಣಿನ ತೊಂದರೆ ಇದ್ದವರು, ಅಂಧರ ಶಾಲೆಯಲ್ಲೇ ಓದಿದವರು. ಕಣ್ಣು ಕಿವಿ ಎರಡೂ ಇಲ್ಲದ ಲಾರಾ ಬ್ರಿಜ್‌ಮನ್ ಅದೇ ಶಾಲೆಯಲ್ಲಿದ್ದರು. ಅಂಗೈ ಮೇಲೆ ಬೆರಳುಗಳಿಂದ ಅಕ್ಷರ ಮೂಡಿಸುವುದನ್ನು ಆನ್ ರೂಢಿಸಿಕೊಂಡಿದ್ದು ಅವರ ಜೊತೆ ಮಾತಾಡುತ್ತಾ. ಒಂದೇ ಸೂರಿನಡಿ ಬದುಕಿ ಕಲಿತಿದ್ದು ಅದು. ಇದಕ್ಕೇ ಇನ್ನೊಂದು ಮಾತು ಸೇರಿಸಬೇಕು. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಪ್ಪಂದದ 24ನೇ ವಿಧಿ, ಅಂಗವೈಕಲ್ಯ ಇರುವವರನ್ನೂ ಶಿಕ್ಷಕರಾಗಿ ನೇಮಿಸಬೇಕು ಅನ್ನುತ್ತದೆ. ಟ್ರೈನಿಂಗ್ ಕೊಡುವ ಜಾಗದಲ್ಲೂ ಅವರೇ ಇರಲಿ. ಬ್ರೈಲ್ ಅನ್ನು ದಿನವೂ ಬೆರಳಲ್ಲಿ ಓದುವವರು, ಸನ್ನೆ ಭಾಷೆಯಲ್ಲೇ ಬೆಳೆದವರು ಎದುರಿಗೆ ನಿಂತು ಪಾಠ ಮಾಡಲಿ.

ಆ ಮೊದಲ ಹುಡುಗಿಯ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಕೊನೆಯಲ್ಲಿ, ಮುಂದಿನ ಟೀಚರ್‌ಗೆ ಅಂತ ಒಂದು ಪುಟ ಬರೆಸಿದ್ದೆ. ಅದರಲ್ಲಿ ಆಟಿಸಂ ಅನ್ನುವ ಪದ ಒಂದೇ ಸಲ ಬರುತ್ತದೆ. ಉಳಿದದ್ದು ಹೀಗಿದೆ: "ಬೆಲ್‌ಗೆ ಎರಡು ನಿಮಿಷ ಮುಂಚೆ ಅವನಿಗೆ ಗಡಿಯಾರ ತೋರಿಸಿ. ಹಿಂದಿನಿಂದ ಕರೆಯಬೇಡಿ, ಎದುರಿಗೆ ಬನ್ನಿ. ಪುಸ್ತಕ ತೆಗಿ ಅಂತ ಒಂದೇ ಸಲ ಹೇಳಿ, ಸುಮ್ನೆ ಕಾಯಿರಿ. ತೆಗೆಯುತ್ತಾನೆ."