ಕೆಟ್ಟಿಲ್ಲವಾ? ಹಾಗಾದರೆ ಅಪ್‌ಡೇಟ್ ಮಾಡಿ

ಕಂಪ್ಯೂಟರ್ ಸುಸೂತ್ರವಾಗಿ ನಡೆಯುತ್ತಿದೆ ಅಂದರೆ ಅದಿನ್ನೂ ಕಂಪನಿಯವರ ಕಣ್ಣಿಗೆ ಬಿದ್ದಿಲ್ಲ ಅಂತ ಅರ್ಥ. ಬಿದ್ದ ಕೂಡಲೇ ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಬಂದು ಕೂರುತ್ತದೆ. 'ಈಗಲೇ ಮಾಡಿ' ಅನ್ನುವ ಬಟನ್ ಇರುತ್ತದೆ, 'ಆಮೇಲೆ ನೆನಪಿಸಿ' ಅನ್ನುವುದೂ ಇರುತ್ತದೆ. 'ನನ್ನ ಪಾಡಿಗೆ ನನ್ನನ್ನು ಬಿಡಿ ಮಾರಾಯ್ರೇ' ಅನ್ನುವ ಬಟನ್ ಮಾತ್ರ ಇನ್ನೂ ಯಾರಿಗೂ ಹೊಳೆದಿಲ್ಲ.

ಅಪ್‌ಡೇಟ್ ಮುಗಿದ ಮೇಲೆ ಫೋಟೋ ಎಡಿಟರ್ ತೆರೆದವರಿಗೇ ಗೊತ್ತು ಅದರ ಮಜಾ. ವಾಲ್‌ಪೇಪರ್ ಹೊಸದು, ವಿಂಡೋಗಳ ಮೂಲೆ ಇನ್ನಷ್ಟು ದುಂಡಗೆ, ಐಕಾನ್‌ಗಳಿಗೆ ಹೊಸ ಹೊಳಪು. ಬ್ರಷ್ ಮಾತ್ರ ಕಾಣುತ್ತಿಲ್ಲ. ಬ್ರಷ್ ಇದೆ, ಬಣ್ಣವೂ ಬೀಳುತ್ತಿದೆ, ಎಲ್ಲಿ ಬೀಳುತ್ತಿದೆ ಅನ್ನುವುದು ಬಿದ್ದ ಮೇಲೆ ಗೊತ್ತಾಗುತ್ತದೆ ಅಷ್ಟೇ. ಮೊಡವೆ ಅಳಿಸಲು ಹೋದರೆ ಮೂಗು ಮಾಯ. ಝೂಮ್ ಮಾಡಿದರೆ ಫೋಟೋ ಇದ್ದ ಜಾಗದಲ್ಲಿ ಅಚ್ಚುಕಟ್ಟಾದ ಕಪ್ಪು ಚೌಕ. ಸ್ಲೈಡರ್ ಎಳೆದರೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಎಳೆದರೂ ಇಲ್ಲ, ಸಿಟ್ಟು ಬಂದು ಕೊನೆಯವರೆಗೆ ಎಳೆದಾಗ ಹಿಂದಿನ ಎಳೆತಗಳೆಲ್ಲ ಒಟ್ಟಿಗೆ ಬಂದು ಫೋಟೋದಲ್ಲಿರುವವರ ಮುಖ ಕೆಂಡವಾಗುತ್ತದೆ. ಸೇವ್ ಒತ್ತಿದರೆ ಎಲ್ಲ ಸ್ತಬ್ಧ. ಕ್ರ್ಯಾಶ್ ಆಯ್ತು ಅಂತ ಬಲವಂತವಾಗಿ ಮುಚ್ಚುವಾಗ, ಹಿಂದೆಲ್ಲೋ ಅಡಗಿದ್ದ 'ಸೇವ್ ಮಾಡಲೇ?' ಅನ್ನುವ ಪ್ರಶ್ನೆ ಒಂದು ಕ್ಷಣ ದರ್ಶನ ಕೊಟ್ಟು ಹೋಗುತ್ತದೆ.

ಬಣ್ಣದ ಕಥೆ ಇನ್ನೂ ಚೆನ್ನ. ಯಾವ ಬಣ್ಣವನ್ನು ಹೇಗೆ ತೋರಿಸಬೇಕು ಅಂತ ಹೇಳುವ, ಮಾನಿಟರ್‌ನ ಕಲರ್ ಪ್ರೊಫೈಲ್ ಸದ್ದಿಲ್ಲದೆ ಬದಲಾಗಿರುತ್ತದೆ. ಒಂದೇ ಫೋಟೋ ಎಡಿಟರ್‌ನಲ್ಲಿ ಹಳದಿ, ಪಕ್ಕದ ವಿಂಡೋದಲ್ಲಿ ಬೇರೆ ಬಣ್ಣ, ಯಾಕಂದರೆ ಒಂದು ಸಾಫ್ಟ್‌ವೇರ್ ಪ್ರೊಫೈಲ್ ಓದುತ್ತದೆ, ಇನ್ನೊಂದು ಅದರ ಗೋಜಿಗೇ ಹೋಗುವುದಿಲ್ಲ. ಹಳದಿ ಜಾಸ್ತಿ ಆಯ್ತು ಅಂತ ನೀವು ಕಷ್ಟಪಟ್ಟು ಸರಿ ಮಾಡಿ ಕಳಿಸುತ್ತೀರಿ. ಅತ್ತ ಸರಿಯಾದ ಪರದೆಯಲ್ಲಿ ನೋಡಿದವರಿಗೆ ನೀಲಿ ಮುಖ.

ಸರಿ, ಯಾರನ್ನು ಕೇಳೋಣ? ಆಪರೇಟಿಂಗ್ ಸಿಸ್ಟಂನವರು ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಕಡೆ ಕೈ ತೋರಿಸುತ್ತಾರೆ. ಡ್ರೈವರ್‌ನವರು ಸಾಫ್ಟ್‌ವೇರ್‌ನವರ ಕಡೆ. ಸಾಫ್ಟ್‌ವೇರ್‌ನವರು ವಾಪಸ್ ಆಪರೇಟಿಂಗ್ ಸಿಸ್ಟಂ ಕಡೆ. ಮೂವರೂ ಒಪ್ಪುವ ವಿಷಯ ಒಂದೇ, ತಪ್ಪು ನಿಮ್ಮ ಸೆಟ್ಟಿಂಗ್ಸ್‌ನಲ್ಲಿದೆ. ರೀಸೆಟ್ ಮಾಡಿ. ಮಾಡಿದರೆ ವರ್ಷಗಟ್ಟಲೆ ಜೋಡಿಸಿಟ್ಟುಕೊಂಡ ಶಾರ್ಟ್‌ಕಟ್, ಪ್ಯಾನೆಲ್ ಎಲ್ಲ ಹೋಗುತ್ತವೆ. ತೊಂದರೆ ಉಳಿಯುತ್ತದೆ.

ಅದೂ ಆಗದಿದ್ದರೆ ಮುಂದಿನ ಮದ್ದು: ಪ್ರಿಫರೆನ್ಸ್‌ಗೆ ಹೋಗಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆಯ ಟಿಕ್ ತೆಗೆಯಿರಿ. ಈ ಸಾಫ್ಟ್‌ವೇರ್ ಓಡಲಿ ಅಂತಲೇ ದುಡ್ಡು ಸುರಿದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರು ನೀವೇ ಅಲ್ವಾ? ಈಗ ಅದನ್ನು ಮುಟ್ಟದಿದ್ದರೆ ಎಲ್ಲ ಸರಿಹೋಗುತ್ತದಂತೆ. ವಿಂಡೋಸ್‌ನಲ್ಲಿ ಡಿಜಿಟಲ್ ಪೆನ್ನಿನ ಪ್ರೆಷರ್ (ಒತ್ತಿದಷ್ಟೂ ಗೆರೆ ದಪ್ಪವಾಗುವುದು) ಕೈಕೊಟ್ಟರೆ ಫೋಟೋಶಾಪ್‌ಗೆ ಹೇಳುವ ಮದ್ದಂತೂ ಸೊಗಸಾಗಿದೆ. ನೋಟ್‌ಪ್ಯಾಡ್ ತೆರೆದು, 'ಸಿಸ್ಟಂನ ಪೆನ್ನು ಬಳಸಬೇಡ' ಅನ್ನುವ ಅರ್ಥದ ಒಂದು ಸಾಲು ಬರೆದು, ಕೊನೆಗೆ ಸೊನ್ನೆ ಹಾಕಿ, ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ ಇಡಬೇಕು. ಫೋಟೋದಲ್ಲಿ ನಿಂತ ಮನುಷ್ಯನನ್ನೇ ಎಐ ಹಾಕಿ ಮಾಯ ಮಾಡುವ ಸಾಫ್ಟ್‌ವೇರ್‌ಗೆ ಪೆನ್ನು ಹಿಡಿಯಲು ನಾವು ಚೀಟಿ ಬರೆದುಕೊಡಬೇಕು!

ಇದೇನು ಇವತ್ತಿನ ಕಾಯಿಲೆಯಲ್ಲ. 2019ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಗೆ ಕ್ಯಾಟಲಿನಾ ಅನ್ನುವ ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗ ಹಳೇ ಕಾಲದ 32-ಬಿಟ್ ಸಾಫ್ಟ್‌ವೇರ್‌ಗಳಿಗೆಲ್ಲ ಬಾಗಿಲು ಮುಚ್ಚಿತು. ಒಂದೇ ಸಲ ದುಡ್ಡು ಕೊಟ್ಟು ಹಳೇ ಫೋಟೋಶಾಪ್ ಕೊಂಡಿದ್ದವರು ಕಂಗಾಲು. ಆಪಲ್ ತನ್ನ ಸ್ವಂತ ಫೋಟೋ ಸಾಫ್ಟ್‌ವೇರ್ ಅಪರ್ಚರ್‌ಗೂ ಕರುಣೆ ತೋರಲಿಲ್ಲ, ಅದೂ ಓಡದಾಯಿತು. (ಮುಂಚೆಯೇ ಎಚ್ಚರಿಸಿದ್ದರು, ಅದು ನಿಜ. ಪರದೆಯ ಮೇಲೆ ಬರುವ ಎಚ್ಚರಿಕೆಯ ಪೆಟ್ಟಿಗೆಯನ್ನು ಯಾರು ಓದಿದ್ದಾರೆ!)

ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಗಿ ಸಮಸ್ಯೆಯ ಬೇರಿಗೇ ಕೈಹಾಕಿತ್ತು. 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ನಲ್ಲಿದ್ದ ಫೈಲ್‌ಗಳನ್ನೇ ಅಳಿಸಿಹಾಕಿತು. ಫೋಟೋನೇ ಇಲ್ಲ ಅಂದಮೇಲೆ ಎಡಿಟಿಂಗ್ ತೊಂದರೆ ಎಲ್ಲಿಂದ ಬರಬೇಕು? ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಫೈಲ್ ಹೋಯಿತು ಅಂತ ಬಂದ ವರದಿಗಳು ಶೇಕಡಾ 0.01ರಷ್ಟು ಮಾತ್ರ ಅಂದರು. ಮೊದಲೇ ಬಳಸಿ ನೋಡುವ, ಸಂಬಳವಿಲ್ಲದ ಪರೀಕ್ಷಕರಲ್ಲಿ ಕೆಲವರು ಇದನ್ನು ಮುಂಚೆಯೇ ಬರೆದು ತಿಳಿಸಿದ್ದರು. ಬೇರೆ ದೂರುಗಳ ರಾಶಿಯಲ್ಲಿ ಅದು ಮುಳುಗಿಹೋಗಿತ್ತು. ಆಮೇಲೆ ಕಂಪನಿ ಏನು ಮಾಡಿತು ಗೊತ್ತಾ? ನಿಮ್ಮ ತೊಂದರೆ ಎಷ್ಟು ಗಂಭೀರ ಅಂತ ನೀವೇ ಗುರುತು ಮಾಡಿ ಹೇಳುವ ಸೌಲಭ್ಯ ಕೊಟ್ಟಿತು. ನಾವಿನ್ನು ಅಧಿಕೃತ ಸಿಬ್ಬಂದಿ. ಸಂಬಳದ ವಿಷಯ ಮಾತ್ರ ಕೇಳಬಾರದು.

ಆಪ್‌ನವರೇನು ಕಡಿಮೆಯೇ? 2020ರ ಆಗಸ್ಟ್‌ನಲ್ಲಿ ಐಫೋನಿನಲ್ಲಿ ಅಡೋಬಿ ಕಂಪನಿಯ ಫೋಟೋ ಎಡಿಟಿಂಗ್ ಆಪ್ ಲೈಟ್‌ರೂಮ್ ಅಪ್‌ಡೇಟ್ ಆದಾಗ, ಕ್ಲೌಡ್‌ಗೆ ಹೋಗದೆ ಫೋನಿನಲ್ಲೇ ಉಳಿದಿದ್ದ ಫೋಟೋ, ಪ್ರಿಸೆಟ್‌ಗಳು (ಮೊದಲೇ ಹೊಂದಿಸಿಟ್ಟ ಎಡಿಟಿಂಗ್ ಸೆಟ್ಟಿಂಗ್‌ಗಳು) ಹೋದವು. ಅಡೋಬಿ ಕ್ಷಮೆ ಕೇಳಿತು. ಹೋಗಿದ್ದು ವಾಪಸ್ ಬರಲ್ಲ ಅಂತಲೂ ಹೇಳಿತು.

ಇಷ್ಟೆಲ್ಲ ಬೈದರೆ ತಕ್ಷಣ ಬರುವ ಉತ್ತರ ಒಂದೇ, ಸೆಕ್ಯುರಿಟಿ. ಒಪ್ಪಿದೆ ಸ್ವಾಮಿ, ತೂತು ಇದ್ದರೆ ಮುಚ್ಚಲೇಬೇಕು. ತೂತು ಮುಚ್ಚಲು ಬಂದವರು ಮನೆಯ ಬಾಗಿಲನ್ನು ಹಿತ್ತಲಿಗೆ ಸಾಗಿಸಿ ಹೋಗುವುದು ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಭದ್ರತೆಯ ಪ್ಯಾಚ್ ಜೊತೆಗೆ ಯಾರೂ ಕೇಳದ ಹೊಸ ಮೆನು, ಹೊಸ ಅನಿಮೇಷನ್ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಾರೆ. ಬೇಡ ಅಂದರೆ ನೀವು ಬೇಜವಾಬ್ದಾರಿ ಮನುಷ್ಯ.

ಕೊನೆಗೊಂದು ದಿನ ಎಡಿಟರ್‌ನ ರಿಪೇರಿ ಅಪ್‌ಡೇಟ್ ಬಂದೇ ಬರುತ್ತದೆ. ಜೊತೆಗೆ ಬರುವ ಟಿಪ್ಪಣಿ ಬಹುಶಃ ಹೀಗಿರುತ್ತದೆ: ಬ್ರಷ್ ಕಾಣದ ತೊಂದರೆ ಸರಿಪಡಿಸಲಾಗಿದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಅನ್‌ಡೂ ಕೆಲಸ ಮಾಡದಿರಬಹುದು. ತಾತ್ಕಾಲಿಕ ಪರಿಹಾರ: ದಯವಿಟ್ಟು ತಪ್ಪು ಮಾಡಬೇಡಿ.