ಮೇ ತಿಂಗಳಲ್ಲಿ ನೀರು ಉಂಟಾ?

ಉಡುಪಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಹಳತಾಗುತ್ತದೆ ಅಷ್ಟೇ. ಸೋಮವಾರ ಹಿಂಡಿ ಹಾಕಿದ ಶರ್ಟು ಗುರುವಾರ ಮುಟ್ಟಿದರೂ ತಣ್ಣಗೆ. ನಮ್ಮ ಚಾವಡಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಮೂರು ಹಗ್ಗ, ಮೇಲೊಂದು ಫ್ಯಾನು, ಕೆಳಗೆ ತಲೆ ತಗ್ಗಿಸಿಕೊಂಡು ಓಡಾಡುವ ನಾವು. ಕಳೆದ ಭಾನುವಾರ ಹೀಗೆ ಲುಂಗಿಯೊಂದನ್ನು ಸರಿಸಿಕೊಂಡು ತಂಗಿಯ ಮಗ ಒಳಗೆ ಬಂದ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಮ್ಮ ಮೇಲಿನ ಪ್ರೀತಿಯಿಂದ ಬರುತ್ತೇನೆ ಅನ್ನುತ್ತಾನೆ. ಅವತ್ತು ಪತ್ರೊಡೆ ಇತ್ತು.

ಎರಡನೇ ಸಲ ಬಡಿಸಿಕೊಳ್ಳುತ್ತಾ ಕೇಳಿದ. "ಮಾವ, ಮಂಗಳ ಗ್ರಹಕ್ಕೆ ಕರ್ಕೊಂಡು ಹೋಗ್ತೇವೆ, ಆದ್ರೆ ವಾಪಸ್ ಬರ್ಲಿಕ್ಕಿಲ್ಲ ಅಂದ್ರೆ ಹೋಗ್ತೀರಾ?"

ನಾನು ಹಗ್ಗದ ಮೇಲಿನ ಶರ್ಟುಗಳನ್ನು ನೋಡಿದೆ. "ಅಲ್ಲಿ ಮಳೆ ಉಂಟಾ?"

"ಇಲ್ಲ."

"ಹಾಗಾದ್ರೆ ಹೋಗ್ತೇನೆ."

ಅವನು ಫೋನಿನಲ್ಲಿ ಫೋಟೋ ತೋರಿಸಿದ. ಮೊದಲ ನೋಟಕ್ಕೆ ಯಾವುದೋ ಕೆಂಪುಕಲ್ಲಿನ ಕೋರೆ ಅಂದುಕೊಂಡೆ. ತಪ್ಪೇನಲ್ಲ. ನಮ್ಮ ಮುರಕಲ್ಲನ್ನು ಕೆಂಪು ಮಾಡಿದ್ದೂ ಕಬ್ಬಿಣದ ತುಕ್ಕು, ಮಂಗಳದ ಮಣ್ಣನ್ನು ಕೆಂಪು ಮಾಡಿದ್ದೂ ಅದೇ. ಇಷ್ಟು ದೂರ ಹೋಗಿ ಮತ್ತೆ ಮಣಿಪಾಲದ ಗುಡ್ಡೆಯನ್ನೇ ನೋಡುವುದಾ ಅಂತ ಸ್ವಲ್ಪ ನಿರಾಸೆಯೂ ಆಯಿತು.

ಆದರೂ ಲಾಭ ಉಂಟು. ಅಲ್ಲಿನ ಸೆಳೆತ ಇಲ್ಲಿಯದರ ಶೇಕಡಾ 38ರಷ್ಟು ಮಾತ್ರ. ಇಲ್ಲಿ 72 ಕಿಲೋ ತೂಗುವ ನಾನು ಅಲ್ಲಿ 27 ಕಿಲೋ ಆಸುಪಾಸು. ಮೊಣಕಾಲು ನೋವಿರುವವನಿಗೆ ಇದು ಸಣ್ಣ ವಿಷಯವಲ್ಲ. ದಿನವೂ ನಮ್ಮದಕ್ಕಿಂತ 40 ನಿಮಿಷದಷ್ಟು ಉದ್ದ. ಅದನ್ನು ಮಧ್ಯಾಹ್ನದ ನಿದ್ದೆಗೆ ಸೇರಿಸಿಕೊಳ್ಳಬಹುದು. ವರ್ಷವಂತೂ ನಮ್ಮ 687 ದಿನ. ಕೃಷ್ಣ ಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಅಲ್ವಾ? ಅದಕ್ಕಿಂತ ಬರೀ ಒಂದೂವರೆ ತಿಂಗಳು ಕಡಿಮೆ. ಆ ಲೆಕ್ಕದಲ್ಲಿ 58 ದಾಟಿದ ನನಗೆ ಅಲ್ಲಿ ಇನ್ನೂ 31 ತುಂಬಿಲ್ಲ.

ಬಟ್ಟೆಯ ವಿಷಯ ಮಾತ್ರ ನಾನು ಎಣಿಸಿದಷ್ಟು ಸುಲಭವಿಲ್ಲ. ಅಲ್ಲಿ ಸರಾಸರಿ ಚಳಿ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಹೊರಗೆ ಹಾಕಿದ ಶರ್ಟು ಮೊದಲು ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಗಾಳಿ ತೀರಾ ತೆಳು, ನಮ್ಮದರ ನೂರರಲ್ಲಿ ಒಂದು ಪಾಲೂ ಒತ್ತಡವಿಲ್ಲ. ಹಾಗಾಗಿ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದಂತೆ. ಒಣಗುವುದು ಹೌದು. ಆದರೆ ಒಂದು ಶರ್ಟು ಒಣಹಾಕಲು ನಾನು ಮೈತುಂಬ ಸೂಟು ತೊಟ್ಟು, ತಲೆಗೆ ಗಾಜಿನ ಬುರುಡೆ ಸಿಕ್ಕಿಸಿ, ಎರಡು ಬಾಗಿಲು ದಾಟಿ ಹೊರಗೆ ಹೋಗಬೇಕು. ಆ ಸೂಟನ್ನು ಯಾರು ಒಗೆಯುತ್ತಾರೆ ಅಂತ ಕೇಳಿದೆ. ಅಳಿಯ ಪತ್ರೊಡೆ ತಿನ್ನುತ್ತಿದ್ದ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಸ್ವರ ಬಂತು. "ಅಲ್ಲಿ ಬಾವಿ ಉಂಟಾ? ಮೇ ತಿಂಗಳಲ್ಲಿ ನೀರು ಉಂಟಾ?"

ಅಮ್ಮ ಯಾವ ಮನೆ ನೋಡಲು ಹೋದರೂ ಇದೇ ಪ್ರಶ್ನೆ. ತಂಗಿಗೆ ಗಂಡು ನೋಡುವಾಗಲೂ ಹುಡುಗನ ಸಂಬಳಕ್ಕಿಂತ ಮೊದಲು ಇದನ್ನೇ ಕೇಳಿದ್ದಳು. ಕೇಳುವುದರಲ್ಲಿ ನ್ಯಾಯವೂ ಇದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಅಷ್ಟೂ ನೀರು ತೋಡು ಹಿಡಿದು, ಹೊಳೆ ಸೇರಿ, ನಾವು ನೋಡುತ್ತಿದ್ದಂತೆ ಸಮುದ್ರಕ್ಕೆ ಹೋಗುತ್ತದೆ. ಮೇ ತಿಂಗಳಲ್ಲಿ ನಾವು ಟ್ಯಾಂಕರಿಗೆ ಕಾಯುತ್ತೇವೆ.

ಮಂಗಳದಲ್ಲಿ ನೀರು ಇದೆ, ಆದರೆ ಧ್ರುವಗಳಲ್ಲಿ ಮತ್ತು ನೆಲದಡಿ ಮಂಜುಗಡ್ಡೆಯಾಗಿ ಇದೆ ಅಂತ ಅಳಿಯ ವಿವರಿಸಿದ. ಇದ್ದ ನೀರನ್ನೇ ತಿರುತಿರುಗಿ ಶುದ್ಧ ಮಾಡಿ ಬಳಸಬಹುದು, ಈಗಲೇ ಬಾಹ್ಯಾಕಾಶ ನಿಲ್ದಾಣದಲ್ಲಿ ಶೇಕಡಾ 98ರಷ್ಟು ನೀರನ್ನು ಹಾಗೆ ಮಾಡ್ತಾರೆ ಅಂದ. ಯಾವ ನೀರನ್ನು ಅಂತ ಅಮ್ಮ ಕೇಳಿದಳು. ಇವನು ಪ್ರಾಮಾಣಿಕ ಹುಡುಗ. ಬೆವರಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದ. ಅಮ್ಮ ಸೌಟು ಕೆಳಗಿಟ್ಟಳು. ಬಾವಿಯ ಹಗ್ಗ ಮುಟ್ಟುವ ಮೊದಲು ಕಾಲು ತೊಳೆದೆಯಾ ಅಂತ ಕೇಳುವವಳು ಅವಳು.

"ಅಲ್ಲದಿದ್ರೂ ಕುಜನ ಸಹವಾಸ ಯಾಕೆ?" ಅಂದಳು ಆಮೇಲೆ.

ನಮ್ಮ ಮನೆಗೆ ಮಂಗಳ ಗ್ರಹ ಹೊಸತಲ್ಲ. ತಂಗಿಯ ಜಾತಕದಲ್ಲಿ ಅವನು ಎಂಟನೇ ಮನೆಯಲ್ಲಿ ಕುಳಿತು ಮೂರು ಸಂಬಂಧ ತಪ್ಪಿಸಿದ್ದ. ನಾಲ್ಕನೆಯ ಹುಡುಗನಿಗೂ ಕುಜದೋಷ ಇತ್ತು, ಇದಕ್ಕೂ ಅದಕ್ಕೂ ಸರಿಹೋಯಿತು ಅಂದರು ಜೋಯಿಸರು. ಹಾಗಾಗಿ ಈಗ ಪತ್ರೊಡೆ ತಿನ್ನುತ್ತಿರುವವನು ಒಂದರ್ಥದಲ್ಲಿ ಕುಜನ ಕೃಪೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಜಾತಕ ಬರೆಯುವುದು ಹೇಗೆ? ಕುಜ ಕಾಲಡಿಯಲ್ಲೇ ಇರುತ್ತಾನಲ್ಲ. ಏಳನೇ ಮನೆಯಲ್ಲಿ ಭೂಮಿ ಬಂದರೆ ಭೂಮಿದೋಷ ಅನ್ನಬೇಕೋ ಏನೋ.

ನಗು ಮುಗಿದ ಮೇಲೆ ನನಗೆ ನೆನಪಾದದ್ದು ದೊಡ್ಡಪ್ಪ. ಊರು ಬಿಡುವುದಕ್ಕೆ ನಾವು ಹೆದರಿದ ಜನ ಅಲ್ಲ. ಅಜ್ಜಿಯ ಕಾಲಕ್ಕೆ ಘಟ್ಟದ ಮೇಲೆ ಅಂದರೇನೇ ಬೇರೆ ಲೋಕ. ದೊಡ್ಡಪ್ಪ ಹದಿನಾಲ್ಕರಲ್ಲಿ ಹೇಳದೆ ಕೇಳದೆ ಬೊಂಬಾಯಿಗೆ ಓಡಿದ್ದ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ, ರಾತ್ರಿ ಶಾಲೆಗೆ ಹೋದ. ಬದುಕಿದ್ದೇನೆ ಅಂತ ಕಾಗದ ಬಂದದ್ದು ಮೂರು ತಿಂಗಳ ಮೇಲೆ. ಮಂಗಳದಿಂದ ಮಾತು ಬಂದು ಮುಟ್ಟಲು ಮೂರು ನಿಮಿಷದಿಂದ 22 ನಿಮಿಷ ಹಿಡಿಯುತ್ತದೆ, ಅದು ದೊಡ್ಡ ಕಷ್ಟ ಅನ್ನುತ್ತಾನೆ ಅಳಿಯ. ಅಜ್ಜಿ ಕೇಳಿದ್ದರೆ ಇಷ್ಟು ಬೇಗವಾ ಅನ್ನುತ್ತಿದ್ದಳು.

ಆದರೆ ದೊಡ್ಡಪ್ಪ ನಲವತ್ತು ವರ್ಷ ಅಲ್ಲಿದ್ದೂ ಊರು ಬಿಟ್ಟೆ ಅಂತ ಒಮ್ಮೆಯೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಿದ್ದ. ಹೋಗುವಾಗ ಟ್ರಂಕಿನಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಹಪ್ಪಳ ಪುಡಿಯಾಗದೆ ಮುಟ್ಟುತ್ತದೆ ಅಂತ ಅವನಿಗೆ ಖುಷಿಯೋ ಖುಷಿ. ಮೆಟ್ಟಿಲಿಳಿಯುವಾಗ "ಬರ್ತೇನೆ" ಅನ್ನುತ್ತಿದ್ದ. ಮಂಗಳಕ್ಕೆ ಹೋಗುವವನು ಆ ಮೆಟ್ಟಿಲ ಮೇಲೆ ನಿಂತು ಏನು ಹೇಳಬೇಕು? ನನಗೆ ಬೇರೆ ಮಾತು ಹೊಳೆಯಲಿಲ್ಲ.

"ನೀವು ಹೋಗುದಿಲ್ಲ ಬಿಡಿ ಮಾವ," ಅಂದ ಅಳಿಯ, ಕೈ ತೊಳೆದು ಬಂದು.

"ಹೋಗ್ಲಿ ಬೇಕಾದ್ರೆ," ಅಂದಳು ಅಮ್ಮ. "ಆಟಿಯಲ್ಲಿ ಮಾತ್ರ ಬೇಡ. ಸೋಣ ಬರ್ಲಿ." ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು, ಶುಭಕಾರ್ಯಕ್ಕೆ ಆಗದು. ಸೋಣ ಅದರ ಮುಂದಿನದು.

ಹಾಗೆಲ್ಲ ಆಗುವುದಿಲ್ಲ ಅಂತ ಇವನು ವಾದಕ್ಕಿಳಿದ. ಭೂಮಿ, ಮಂಗಳ ಸರಿಯಾದ ಜಾಗಕ್ಕೆ ಬರುವುದು 26 ತಿಂಗಳಿಗೊಮ್ಮೆ, ಆಗಲೇ ಹೊರಡಬೇಕು. ಅಮೆರಿಕದವರ ಪರ್ಸಿವಿಯರೆನ್ಸ್ ನೌಕೆ ಮಂಗಳಕ್ಕೆ ಹೊರಟದ್ದು 2020ರ ಜುಲೈ 30ಕ್ಕೆ. ಅಪ್ಪಟ ಆಟಿ. ಮರುವರ್ಷ ಫೆಬ್ರವರಿಯಲ್ಲಿ ಸುಖವಾಗಿ ಇಳಿಯಿತು.

"ನಮ್ಮವರದ್ದು ಯಾವಾಗ ಹೊರಟದ್ದು?"

"ಮಂಗಳಯಾನವಾ? 2013ರ ನವೆಂಬರ್ 5."

"ನೋಡು," ಅಂದಳು ಅಮ್ಮ. "ದೀಪಾವಳಿ ಕಳೆದ ಮೇಲೆ."

"ಆದ್ರೆ ಅಜ್ಜಿ, ಆಟಿಯಲ್ಲಿ ಹೊರಟದ್ದೂ ಮುಟ್ಟಿತಲ್ಲ?"

"ಅದ್ರಲ್ಲಿ ಜನ ಇದ್ರಾ?"

"ಇಲ್ಲ."

"ಮತ್ತೆ?" ಅಂದು ಅಮ್ಮ ಅವನಿಗೆ ಕಟ್ಟಿಕೊಡಲು ಉಳಿದ ಪತ್ರೊಡೆಯನ್ನು ಡಬ್ಬಿಗೆ ತುಂಬತೊಡಗಿದಳು.