ಪಿನಾಂಗ್ ಹೇಗಿತ್ತು? 7 ಇಂಚು 30 ಸೆಂಟು

ಮೊನ್ನೆ ಭಾನುವಾರ ನಾದಿನಿ ಮನೆಯವರೆಲ್ಲ ಬಂದಿದ್ರು. ಜಡಿಮಳೆ, ಕರೆಂಟಿಲ್ಲ, ಎಲ್ಲರೂ ಒಲೆ ಮುಂದೆ ಕೂತು ಕಾಫಿ ಕುಡೀತಿರೋವಾಗ ಅವಳು ನಮ್ಮವರನ್ನ "ಅಣ್ಣಾ, ಪಿನಾಂಗ್ ಹೇಗಿತ್ತು?" ಅಂತ ಕೇಳಿದ್ಲು. ನಾನು ಹೇಳಕ್ಕೆ ಅಂತ ಎಷ್ಟೆಲ್ಲ ರೆಡಿ ಮಾಡಿಟ್ಕೊಂಡಿದ್ದೆ. ಸಮುದ್ರ, ಗೋಡೆ ಮೇಲಿನ ಚಿತ್ರಗಳು, ರಾತ್ರಿ ಹನ್ನೊಂದಾದ್ರೂ ಬೀದೀಲಿ ಕುರ್ಚಿ ಹಾಕ್ಕೊಂಡು ತಿನ್ನೋ ಜನ. ಬಾಯಿ ತೆಗೆಯೋಷ್ಟರಲ್ಲಿ ನಮ್ಮವರು ಗಂಟಲು ಸರಿ ಮಾಡ್ಕೊಂಡು "28 ದಿನಕ್ಕೆ 7 ಇಂಚು 30 ಸೆಂಟು" ಅಂದ್ರು. ನಾದಿನಿ ಗಂಡ, ಅವರೂ ತೋಟದವರೇ, "ಅಷ್ಟೇನಾ?" ಅಂದ್ರು. ಅಲ್ಲಿಗೆ ನಮ್ಮ ಫಾರಿನ್ ಟೂರಿನ ಕಥೆ ಮುಗೀತು, ಆಮೇಲೆ ಅರ್ಧ ಗಂಟೆ ಬರೀ ಭಾಗಮಂಡಲದಲ್ಲಿ ಮಳೆ ಎಷ್ಟಾಯ್ತು, ನಾಪೋಕ್ಲಲ್ಲಿ ಎಷ್ಟಾಯ್ತು.

ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ದೇಶಕ್ಕೆಲ್ಲ ಮಳೆ ಮಿಲಿಮೀಟರಲ್ಲಿ ಬಂದ್ರೂ ನಮ್ಮ ತೋಟಗಳಿಗೆ ಇನ್ನೂ ಇಂಚಲ್ಲೇ ಬರೋದು, ನೂರು ಸೆಂಟಿಗೆ ಒಂದು ಇಂಚು. ಮದುವೆ ಮನೇಲಿ ಸಿಕ್ಕಿದ್ರೂ ಸಾವಿನ ಮನೇಲಿ ಸಿಕ್ಕಿದ್ರೂ ಮೊದಲ ಮಾತು "ನಿಮ್ಮಲ್ಲಿ ಎಷ್ಟಾಯ್ತು?" ನಮ್ಮ ಮನೇಲಂತೂ ಮಾವನವರ ಕಾಲದ ಮಳೆ ಪುಸ್ತಕ ಇದೆ, ಮಕ್ಕಳ ಹುಟ್ಟಿದ ದಿನ ಮರೆತ್ರೂ ಅವತ್ತಿನ ಮಳೆ ಅದರಲ್ಲಿ ಸಿಗುತ್ತೆ. ನನ್ನ ಮಗ ಹುಟ್ಟಿದ್ದು 2 ಇಂಚು 15 ಸೆಂಟಿನ ದಿನ.

ಆ ಮಗನೇ ಈಗ ಪಿನಾಂಗಲ್ಲಿರೋದು, ಬಾಯನ್ ಲೆಪಾಸ್ ಕಡೆ ಚಿಪ್ ಫ್ಯಾಕ್ಟ್ರೀಲಿ ಕೆಲಸ. ಅವನನ್ನ ಒಂದು ತಿಂಗಳು ಜರ್ಮನಿಗೆ ಕಳಿಸ್ತಾರೆ ಅಂತಾದಾಗ "ಫ್ಲಾಟ್ ಖಾಲಿ ಇರುತ್ತೆ ಅಮ್ಮಾ, ಮಲೇಷ್ಯಾಕ್ಕೆ 30 ದಿನ ವೀಸಾನೂ ಬೇಡ, ಆ ಮಳೇಲಿ ಯಾಕೆ ಒದ್ದೆ ಆಗ್ತೀರಿ, ಬಂದು ಬಿಸಿಲು ಕಾಯಿಸ್ಕೊಳ್ಳಿ" ಅಂದ. ನಾನು ಅವತ್ತೇ ಸೂಟ್‌ಕೇಸ್ ಇಳಿಸಿದೆ. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಬೂಷ್ಟು ಹಿಡಿಯದ ಚಪ್ಪಲಿ, ಹೊಗೆ ವಾಸನೆ ಇಲ್ಲದ ಸೀರೆ, ಜಿಗಣೆ ಇಲ್ಲದ ಕಾಲು, ಇದಕ್ಕಿಂತ ಸ್ವರ್ಗ ಬೇಕಾ? ನಮ್ಮವರು "ಗೊಬ್ಬರ, ಕಳೆ, ತೋಟ" ಅಂತೆಲ್ಲ ರಾಗ ಎಳೆದು, ಮೈದುನ ನೋಡ್ಕೋತೀನಿ ಅಂದ ಮೇಲೆ ಒಪ್ಪಿದ್ರು. ಒಪ್ಪಿದ್ದು ಸುಲಭ ಆಯ್ತಲ್ಲ ಅಂತ ಆಗಲೇ ಅನುಮಾನ ಬರ್ಬೇಕಿತ್ತು ನಂಗೆ.

ಬೆಂಗಳೂರು ಏರ್‌ಪೋರ್ಟಲ್ಲಿ ಅವರ ಬ್ಯಾಗು ಸ್ಕ್ಯಾನಿಂಗಲ್ಲಿ ನಿಂತುಬಿಡ್ತು. ತೆಗೆದ್ರೆ ನಾಲ್ಕು ಬನಿಯನ್ನೊಳಗೆ ಬಾಣಂತಿ ಕೂಸಿನ ಹಾಗೆ ಸುತ್ತಿಟ್ಟ ಮಳೆ ಅಳೆಯೋ ಗ್ಲಾಸು. ಸೆಕ್ಯುರಿಟಿ ಹುಡುಗ ಇದೇನು ಅಂದ. "ರೇನ್ ಗೇಜಿಂದು" ಅಂದ್ರು. ಅವನು ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ.

ಗ್ಲಾಸು ಬಂತು, ಮೇಲಿನ ಆಲಿಕೆ ಊರಲ್ಲೇ ಇತ್ತು. ನಮ್ಮ ಗ್ಲಾಸು ಐದಿಂಚು ಬಾಯಿಯ ಆಲಿಕೆಗೆ ಲೆಕ್ಕ ಹಾಕಿ ಗೆರೆ ಎಳೆದಿರೋದಂತೆ, ಬೇರೆ ಅಳತೆದು ಇಟ್ರೆ ಲೆಕ್ಕ ಎಲ್ಲ ತಪ್ಪಂತೆ. ಹಾಗಾಗಿ ನಮ್ಮ ಮೊದಲ ಮೂರು ದಿನ ಜಾರ್ಜ್‌ಟೌನಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೋಯ್ತು. ಯುನೆಸ್ಕೋದವರು 2008ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಊರದು, ಜನ ಎಲ್ಲೆಲ್ಲಿಂದಲೋ ಬಂದು ಹಳೇ ಮನೆಗಳ ಮುಂದೆ ನಿಂತು ಫೋಟೋ ತೆಗೀತಿದ್ರೆ ಇವರು ಟೇಪ್ ಹಿಡ್ಕೊಂಡು ಆಲಿಕೆ ಬಾಯಿ ಅಳೀತಿದ್ರು. ಕೊನೆಗೆ ಒಬ್ಬರು ವಯಸ್ಸಾದ ಚೀನೀ ಅಂಗಡಿಯವರು ಒಳಗಿಂದ ಒಂದು ತಂದುಕೊಟ್ರು. ಕರೆಕ್ಟ್ ಐದಿಂಚು. ಮಗನ ಗ್ರಾಜುಯೇಶನ್ನಲ್ಲೂ ಇವರ ಮುಖದಲ್ಲಿ ಆ ನಗು ನಾನು ನೋಡಿಲ್ಲ.

ಫ್ಲಾಟು ಒಂಬತ್ತನೇ ಮಾಳಿಗೆ. ಬಾಲ್ಕನಿ ಕಂಬಿಗೆ ಬಟ್ಟೆ ಒಣಗಿಸೋ ಕೋಲು ಕಟ್ಟಿ, ಅದರ ತುದೀಲಿ ಬಾಟಲಿ, ಬಾಟಲಿ ಮೇಲೆ ಆಲಿಕೆ. ಕೆಳಗೆ ಬಿದ್ರೆ ಯಾರದ್ದಾದ್ರೂ ತಲೆ ಒಡೆಯುತ್ತೆ ಅಂತ ನಾನು ಬೈದಿದ್ದಕ್ಕೆ ಇನ್ನೊಂದು ಹಗ್ಗ ಕಟ್ಟಿದ್ರು.

ಇನ್ನು ಟೈಮಿಂಗ್. ನಮ್ಮಲ್ಲಿ ಮಳೆ ಅಳೆಯೋದು ಬೆಳಗ್ಗೆ ಎಂಟೂವರೆಗೆ. ಪಿನಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದ್ರೆ ಅಲ್ಲಿ ಹನ್ನೊಂದು. ಅಲ್ಲೂ ಎಂಟೂವರೆಗೇ ಅಳೀರಿ ಮಾರಾಯ್ರೆ ಅಂದ್ರೆ ಇಲ್ಲ, "ಎರಡೂ ಒಂದೇ ಹೊತ್ತಿಗೆ ಅಳೆದ್ರೇನೇ ಹೋಲಿಸೋಕಾಗೋದು" ಅಂತೆ. ಯಾರು ಹೋಲಿಸು ಅಂದಿದ್ರೋ. ಇದರ ಫಲ ಏನಪ್ಪಾ ಅಂದ್ರೆ 28 ದಿನ ನಾವು ಬೆಳಗಿನ ತಂಪು ಹೊತ್ತಲ್ಲಿ ಮನೇಲಿ ಕೂತು, ಹನ್ನೊಂದಕ್ಕೆ ಅಳೆದು, ಮೈದುನನಿಗೆ ಫೋನ್ ಹಚ್ಚಿ ಊರಿನ ಲೆಕ್ಕ ಬರ್ಕೊಂಡು, ಫ್ಯಾಮಿಲಿ ಗ್ರೂಪಿಗೆ "ಮನೆ: 3.40, ಪಿನಾಂಗ್: 0.00" ಅಂತ ಹಾಕಿ, ಆಮೇಲೆ ಸರಿಯಾಗಿ ತಲೆ ಸುಡೋ ಬಿಸಿಲಿಗೆ ಹೊರಗೆ ಬೀಳ್ತಿದ್ವಿ.

ಒಂದೇ ಒಂದು ದಿನ ಹಠ ಮಾಡಿ ಬೆಳಗ್ಗೇನೆ ಪಿನಾಂಗ್ ಹಿಲ್ಲಿಗೆ ಕರ್ಕೊಂಡು ಹೋದೆ. 1923ರಲ್ಲಿ ಶುರುವಾದ ರೈಲು, ಕಡಿದಾದ ಗುಡ್ಡವನ್ನ ಹಗ್ಗದಲ್ಲಿ ಎಳೆದ ಹಾಗೆ ಮೇಲೆ ಹತ್ತುತ್ತೆ, ನಂಗಂತೂ ಮೈ ಜುಂ ಅಂತು. ತುದೀಲಿ 833 ಮೀಟರ್ ಅಂತ ಓದಿ ಇವರು "ನಮ್ಮ ಬಚ್ಚಲುಮನೆ ಇದಕ್ಕಿಂತ ಎತ್ತರದಲ್ಲಿದೆ, ಟಿಕೆಟ್ ಕೊಟ್ಟು ಯಾಕೆ ಬಂದ್ವಿ?" ಅಂದ್ರು. ಮಾತು ನಿಜಾನೇ, ಮಡಿಕೇರಿ 1100 ಮೀಟರ್ ದಾಟುತ್ತೆ, ಆದ್ರೂ ಹೆಂಡ್ತಿ ಹತ್ರ ಹೇಳೋ ಮಾತಾ ಅದು? ಹತ್ತೂಕಾಲಿಗೆ ವಾಚು ನೋಡಕ್ಕೆ ಶುರು ಮಾಡಿದ್ರು, ಹತ್ತೂವರೆಗೆ ಕೆಳಗಿದ್ವಿ.

ತಿನ್ನೋದ್ರಲ್ಲಿ ಮಾತ್ರ ತಕರಾರಿಲ್ಲ. ಕಾಫಿ ಬೀಜ ಸಕ್ಕರೆ ಹಾಕಿ ಹುರೀತಾರೆ ಅಂತ ಕೇಳಿ ಮೊದಲ ದಿನ ಎದೆ ಹಿಡ್ಕೊಂಡವರು ಎರಡನೇ ವಾರಕ್ಕೆ ದಿನಕ್ಕೆ ಮೂರು ಲೋಟ ಕೋಪಿ, ಅದೂ ಮಿಲ್ಕ್‌ಮೇಡಿನಂಥ ಗಟ್ಟಿ ಹಾಲು ಹಾಕಿದ್ದು. ನಾಸಿ ಕಂದಾರ್ ಅಂತ ಅನ್ನದ ಮೇಲೆ ನಾಲ್ಕೈದು ಥರ ಸಾರು ಸುರೀತಾರೆ, ಜಾಸ್ತಿ ಸಾರು ಬೇಕಂದ್ರೆ "ಬಂಜಿರ್" ಅನ್ಬೇಕು. ಬಂಜಿರ್ ಅಂದ್ರೆ ಪ್ರವಾಹ. ಒಂದು ತಿಂಗಳಲ್ಲಿ ಇವರು ಕಲಿತ ಮಲಯ್ ಪದ ಎರಡೇ, ಹುಜಾನ್ ಅಂದ್ರೆ ಮಳೆ, ಇನ್ನೊಂದು ಇದು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಎರಡನೇ ವಾರದಲ್ಲಿ ದಿನಾ ಸುಡುಬಿಸಿಲು, ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ, ಆದ್ರೆ ಬಾಟಲೀಲಿ ನೀರು. 18 ಸೆಂಟು. ಮಾರನೇ ದಿನ 22. ಅದರ ಮಾರನೇ ದಿನ 20. ನಮ್ಮವರ ಸಂಭ್ರಮ ನೋಡ್ಬೇಕಿತ್ತು. "ರಾತ್ರಿ ನಾವು ಮಲಗಿದ ಮೇಲೆ ಬರುತ್ತೆ, ಸಮುದ್ರದ ಗಾಳಿ, ನಮ್ಮ ಕಡೆ ಮಾತ್ರ ಬೀಳುತ್ತೆ" ಅಂತ ಗ್ರೂಪಲ್ಲಿ ವಾಯ್ಸ್ ಮೆಸೇಜು. ಮೈದುನ "ಹೂಮಳೆ ಥರಾನಾ ಅಣ್ಣ?" ಅಂತ ಕೇಳಿದ. "ಇಲ್ಲ, ಇದು ಬ್ಯಾಕಿಂಗ್ ಮಳೆ ಇದ್ದ ಹಾಗೆ, ಹದವಾಗಿ ಬರುತ್ತೆ" ಅಂದ್ರು. ಹೂಮಳೆ ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬ್ಯಾಕಿಂಗ್ ಅಂದ್ರೆ ಅದಾದ್ಮೇಲೆ ಕಾಯಿ ಕಚ್ಚಕ್ಕೆ ಬೇಕಾದ ಮಳೆ. ಕಾಫಿ ಗಿಡವೇ ಇಲ್ಲದ ಬಾಲ್ಕನಿಗೆ ಬ್ಯಾಕಿಂಗ್ ಮಳೆ. ಕೆಳಗಿನ ವಾಚ್‌ಮನ್ ಹತ್ರ ಹೋಗಿ ರಾತ್ರಿ ಹುಜಾನ್ ಬಂತಾ ಅಂತ ಕೇಳಿದ್ರಂತೆ, ಅವನು ಇಲ್ಲ ಅಂದಿದ್ದಕ್ಕೆ "ಡ್ಯೂಟೀಲಿ ನಿದ್ದೆ ಮಾಡ್ತಾನೆ" ಅಂತ ಬಂದು ನನ್ನ ಹತ್ರ ದೂರು.

ಅವತ್ತು ರಾತ್ರಿ ಹತ್ತಕ್ಕೆ ಒಣಗಿದ ಟವಲ್ ತರಕ್ಕೆ ಅಂತ ನಾನು ಬಾಲ್ಕನಿಗೆ ಹೋದೆ. ತಲೆ ಮೇಲೆ ಟಪ್ ಅಂತ ಒಂದು ಹನಿ. ನಕ್ಷತ್ರ ಕಾಣ್ತಿದೆ. ಇನ್ನೊಂದು ಹನಿ. ಕತ್ತೆತ್ತಿ ನೋಡಿದ್ರೆ ಮೇಲಿನ ಮನೆ ಏಸಿ ಪೈಪು, ಗಾಳಿ ಬೀಸಿದಾಗೆಲ್ಲ ಓರೆಯಾಗಿ ಬಂದು ನಮ್ಮ ಆಲಿಕೆಗೇ ಬೀಳ್ತಿದೆ.

ಓಡಿ ಹೋಗಿ ಹೇಳೋಣ ಅಂತ ಬಾಗಿಲವರೆಗೂ ಬಂದೆ. ಒಳಗೆ ಇವರು ಕನ್ನಡಕ ಮೂಗಿನ ಮೇಲೆ ಇಳಿಸ್ಕೊಂಡು ಡೈರೀಲಿ ಗೆರೆ ಎಳೀತಾ ಕೂತಿದ್ರು. ಯಾಕೋ ಹೇಳಲಿಲ್ಲ.

ಈ ಹುಚ್ಚು ಮುಂಚೆ ಇಷ್ಟಿರಲಿಲ್ಲ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ನಾವು ಮೈಸೂರಲ್ಲಿದ್ವಿ. ಎರಡು ದಿನ ಮೈದುನನ ಫೋನು ಸಿಗಲಿಲ್ಲ. ಇವರು ಮೈಸೂರಿನ ಆ ಮನೆ ಜಗಲೀಲಿ ರಾತ್ರಿಯೆಲ್ಲ ಕೂತೇ ಇದ್ರು, ಊಟ ಬೇಡ, ಮಾತಿಲ್ಲ. ಫೋನ್ ಸಿಕ್ಕಾಗ ಕೇಳಿದ ಮೊದಲ ಮಾತು "ಎಷ್ಟಾಯ್ತು?" ಅಂತ, ಗಂಟಲು ಕಟ್ಟಿ ಅದೂ ಸರಿಯಾಗಿ ಹೊರಡಲಿಲ್ಲ. ಅಲ್ಲಿಂದೀಚೆಗೆ ಊರು ಬಿಟ್ರೆ ದಿನಾ ಆ ನಂಬರು ಕಿವಿಗೆ ಬೀಳಲೇಬೇಕು. ಪಿನಾಂಗಲ್ಲೂ ರಾತ್ರಿ ಮೂರಕ್ಕೆ ಎದ್ದು ಕೂತಿರ್ತಿದ್ರು. ಏನ್ರೀ ಅಂದ್ರೆ, "ಹಂಚಿನ ಮೇಲೆ ಸದ್ದೇ ಇಲ್ಲ, ನಿದ್ದೆ ಬರಲ್ಲ" ಅನ್ನೋರು.

ಹಾಗಂತ ನನ್ನ ಸಿಟ್ಟೇನೂ ಇಳಿದಿಲ್ಲ. 7 ಇಂಚು 30 ಸೆಂಟಲ್ಲಿ ನನ್ನ ಲೆಕ್ಕದ ಪ್ರಕಾರ ಎರಡೂವರೆ ಇಂಚು ಮೇಲಿನ ಮನೆ ಏಸಿದು. ಬಂದ ಮಾರನೇ ದಿನವೇ ಅದೆಲ್ಲ ಮಾವನವರ ಪುಸ್ತಕಕ್ಕೆ ಏರಿಬಿಟ್ಟಿದೆ, ಶಾಯಿ ಪೆನ್ನಲ್ಲಿ, ಅಂದವಾಗಿ, "ಪಿನಾಂಗ್, ಮಲೇಷ್ಯಾ" ಅಂತ ಕೆಳಗೆ ಗೆರೆ ಎಳೆದು. ಮುಂದೆ ಮೊಮ್ಮಕ್ಕಳು ಓದ್ತಾರೆ.

ಇವತ್ತು ಬೆಳಗ್ಗೆ ಎಂಟೂವರೆ. ಕಕ್ಕಡ ತಿಂಗಳ, ಅಂದ್ರೆ ಜುಲೈ-ಆಗಸ್ಟಿನ ಮಳೆ ಸೂರು ಕಿತ್ತು ಹೋಗೋ ಹಾಗೆ ಹೊಡೀತಿದೆ, ನಾಲ್ಕು ದಿನದಿಂದ ಒಲೆ ಮೇಲೆ ನೇತಾಡ್ತಿರೋ ನನ್ನ ನೈಟಿ ಇನ್ನೂ ಹಸಿ, ಅಲ್ಲಾದ್ರೆ ಒಂದು ಗಂಟೇಲಿ ಗರಿಗರಿ ಆಗ್ತಿತ್ತು. ಜರ್ಕಿನ್ ಹಾಕ್ಕೊಂಡು ಅಂಗಳಕ್ಕೆ ಹೋದವರು ಗ್ಲಾಸು ಕಣ್ಣಿನ ಮಟ್ಟಕ್ಕೆ ಹಿಡಿದು "ಮೂರು ಹನ್ನೆರಡು!" ಅಂತ ಅಲ್ಲಿಂದಲೇ ಕೂಗಿದ್ರು. ಒಳಗೆ ಬಂದು ಕಾಲು ಒರೆಸ್ಕೋತಾ, "ಅಲ್ಲಿ ಈಗ ಸರಿಯಾಗಿ ಹನ್ನೊಂದು ನೋಡು, ಎಷ್ಟಾಗಿರುತ್ತೋ?" ಅಂದ್ರು.

"ಮೇಲಿನ ಮನೆಯವರನ್ನ ಕೇಳ್ಬೇಕು" ಅಂದೆ.

"ಹೌದಲ್ವಾ, ಅವರ ನಂಬರ್ ತಗೋಬೇಕಿತ್ತು" ಅಂದ್ಬಿಟ್ಟು ಕಾಫಿ ಕುಡಿಯಕ್ಕೆ ಕೂತ್ರು.